ಮಕ್ಕಳನ್ನು ಮತ್ತೆ ಏಳು ವರ್ಷ ಕಾಯಿಸಬೇಡಿ: ಐಸಿಎಂಆರ್ ಮಹಾನಿರ್ದೇಶಕರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಮಹಾನಿರ್ದೇಶಕರು,
ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ,
ನವದೆಹಲಿ.

ವಿಷಯ: ಎಚ್‌ಐವಿ ಇರುವ ಮಕ್ಕಳಿಗಾಗಿ, ನೋವಿಲ್ಲದೆ ಚರ್ಮದ ಮೂಲಕ ದೀರ್ಘಕಾಲ ಔಷಧಿ ಕೊಡುವ ಪ್ಯಾಚ್ (ಅಂಟುಪಟ್ಟಿ) ಅನ್ನು ನಮ್ಮ ದೇಶದಲ್ಲಿ ಅಭಿವೃದ್ಧಿಪಡಿಸುವ ಕುರಿತು.

ಮಾನ್ಯರೇ,

ನಾನು ಕೃಷ್ಣಾ ತೀರದ ಒಂದು ಜಿಲ್ಲೆಯಲ್ಲಿ, ಎಚ್‌ಐವಿಗೆ ಔಷಧಿ ಕೊಡುವ ಎಆರ್‌ಟಿ ಕೇಂದ್ರದಲ್ಲಿ ಹದಿನಾಲ್ಕು ವರ್ಷ ಆಪ್ತಸಮಾಲೋಚಕಿಯಾಗಿ ದುಡಿದು ಈಗ ಮನೆಯಲ್ಲಿರುವವಳು. ವೈದ್ಯೆಯಲ್ಲ, ವಿಜ್ಞಾನಿಯೂ ಅಲ್ಲ. ನನ್ನ ಕೆಲಸದ ದೊಡ್ಡ ಪಾಲು ಮಾತ್ರೆ ಎಣಿಸುವುದಾಗಿತ್ತು. ತಿಂಗಳಿಗೊಮ್ಮೆ ಮಗು ಬಂದು ಡಬ್ಬಿಯನ್ನು ಮೇಜಿನ ಮೇಲೆ ಇಡುತ್ತಿತ್ತು. ಉಳಿದ ಮಾತ್ರೆಗಳನ್ನು ಎಣಿಸಿ, ಹಸಿರು ಪುಸ್ತಕದಲ್ಲಿ ಬರೆದು, ಲೆಕ್ಕ ತಪ್ಪಿದ್ದರೆ ಕಾರಣ ಕೇಳುತ್ತಿದ್ದೆ. ಆ ಹದಿನಾಲ್ಕು ವರ್ಷಗಳಲ್ಲಿ ಮಕ್ಕಳು ಹೇಳಿದ ಕಾರಣಗಳೇ ಈ ಪತ್ರವನ್ನು ಬರೆಸುತ್ತಿವೆ.

ಇದರ ಇಂಗ್ಲಿಷ್ ಪ್ರತಿಯನ್ನು ನಿಮ್ಮ ಕಚೇರಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿದ್ದೇನೆ. ಕನ್ನಡದಲ್ಲಿ ಬಹಿರಂಗವಾಗಿ ಬರೆಯುತ್ತಿರುವುದಕ್ಕೆ ಬೇರೆ ಕಾರಣವಿದೆ. ನಾನು ಯಾರಿಗಾಗಿ ಕೇಳುತ್ತಿದ್ದೇನೆಯೋ ಆ ತಾಯಂದಿರು ಮತ್ತು ಅಜ್ಜಿಯರು ಇದನ್ನು ಓದಬೇಕು, ಓದಲು ಬಾರದವರು ಓದಿಸಿಕೊಂಡು ಕೇಳಬೇಕು. ತಮ್ಮ ಹೆಸರಿನಲ್ಲಿ ಏನು ಕೇಳಲಾಗಿದೆ ಎಂಬುದು ಅವರಿಗೆ ಗೊತ್ತಿರಬೇಕು.

ಒಬ್ಬ ಹುಡುಗನ ವಿಷಯದಿಂದ ಆರಂಭಿಸುತ್ತೇನೆ. ಅವನಿಗೆ ಆಗ ಹನ್ನೊಂದು ವರ್ಷ. ತಂದೆ ತಾಯಿ ಇಬ್ಬರೂ ಇರಲಿಲ್ಲ, ಅಜ್ಜಿ ಸಾಕುತ್ತಿದ್ದಳು. ಆರನೆಯ ತರಗತಿಗೆ ಹಾಸ್ಟೆಲ್ ಸೇರಿದ. ಪ್ರತಿ ತಿಂಗಳೂ ಅವನ ಮಾತ್ರೆಯ ಲೆಕ್ಕ ಸರಿಯಾಗಿಯೇ ಇರುತ್ತಿತ್ತು. ಒಂದು ಮಾತ್ರೆ ಹೆಚ್ಚಿಲ್ಲ, ಒಂದು ಕಡಿಮೆ ಇಲ್ಲ. ಆದರೆ ರಕ್ತದಲ್ಲಿ ವೈರಸ್ ಎಷ್ಟಿದೆ ಎಂದು ತಿಳಿಸುವ ವೈರಲ್ ಲೋಡ್ ವರದಿ ಬಂದಾಗ ವೈದ್ಯರು ನನ್ನನ್ನು ಕರೆದು ಕಾಗದ ತೋರಿಸಿದರು. ವೈರಸ್ ಹತೋಟಿ ತಪ್ಪಿತ್ತು. ಹುಡುಗನನ್ನು ಕೂರಿಸಿಕೊಂಡು ಮಾತನಾಡಿಸಿದೆ. ಅರ್ಧ ಗಂಟೆ ಬಾಯಿ ಬಿಡಲಿಲ್ಲ. ಆಮೇಲೆ ಹೇಳಿದ: ಹಾಸ್ಟೆಲಿನ ಹಿಂದಿನ ಬೇವಿನ ಮರದ ಬುಡದಲ್ಲಿ, ರಾತ್ರಿ ಕೈ ತೊಳೆಯಲು ಹೋದಾಗ ದಿನಕ್ಕೊಂದು ಮಾತ್ರೆಯನ್ನು ಹೆಬ್ಬೆರಳಿನಿಂದ ಮಣ್ಣಿಗೆ ಒತ್ತುತ್ತಿದ್ದನಂತೆ. ಮೊದಲ ಮೂರು ತಿಂಗಳು ಎಲ್ಲರ ಎದುರಿಗೇ ನುಂಗಿದ್ದ. ಏನು ಮಾತ್ರೆ ಎಂದು ಕೇಳಿದವರಿಗೆ ಶಕ್ತಿ ಮಾತ್ರೆ ಎಂದಿದ್ದ. ಒಂದು ದಿನ ದೊಡ್ಡ ಹುಡುಗನೊಬ್ಬ, "ಹಾಗಾದರೆ ನನಗೂ ಒಂದು ಕೊಡು" ಎಂದು ಕೈ ಚಾಚಿದ. ಅಂದಿನಿಂದ ಭಯ ಹೊಕ್ಕಿತು.

ಆ ಮಗುವಿಗೆ ಮಾತ್ರೆ ಕಹಿಯಾಗಿರಲಿಲ್ಲ, ಗಂಟಲಿಗೆ ಸಿಕ್ಕಿಕೊಳ್ಳುತ್ತಲೂ ಇರಲಿಲ್ಲ. ನಲವತ್ತು ಹುಡುಗರ ನಡುವೆ, ಪ್ರತಿದಿನ, ಅದೇ ಹೊತ್ತಿಗೆ ಒಂದು ಡಬ್ಬಿ ತೆರೆಯಬೇಕಾದದ್ದೇ ಅವನ ಕಷ್ಟವಾಗಿತ್ತು. ಡಬ್ಬಿ ಗಲಗಲ ಸದ್ದು ಮಾಡದಿರಲಿ ಎಂದು ಒಳಗೆ ಹತ್ತಿ ತುರುಕಿ ಕಳಿಸುವ ತಾಯಂದಿರನ್ನು ನಾನು ಕಂಡಿದ್ದೇನೆ. ಡಬ್ಬಿಯ ಮೇಲಿನ ಕಾಗದವನ್ನು ನೀರಿನಲ್ಲಿ ನೆನೆಸಿ, ಉಗುರಿನಿಂದ ಕೆರೆದು ತೆಗೆಯುವುದಂತೂ ನಮ್ಮ ಕೇಂದ್ರಕ್ಕೆ ಬರುವವರೆಲ್ಲರ ರೂಢಿ. ಎಚ್‌ಐವಿ ಸೋಂಕಿತರ ಬಗ್ಗೆ ತಾರತಮ್ಯ ಮಾಡಬಾರದೆಂದು 2017ರಲ್ಲಿ ಕಾಯ್ದೆಯಾಯಿತು, 2018ರ ಸೆಪ್ಟೆಂಬರ್ 10ರಿಂದ ಜಾರಿಗೂ ಬಂತು. ಒಳ್ಳೆಯ ಕಾಯ್ದೆ. ಆದರೆ ರಾತ್ರಿ ಎಂಟು ಗಂಟೆಗೆ ಹಾಸ್ಟೆಲಿನ ಸಾಲಿನಲ್ಲಿ ನಿಂತ ಹುಡುಗನ ಪಕ್ಕದಲ್ಲಿ ಕಾಯ್ದೆ ನಿಂತಿರುವುದಿಲ್ಲ.

ಇನ್ನೂ ಚಿಕ್ಕ ಮಕ್ಕಳ ಪಾಡು ಬೇರೆ. ಲೋಪಿನಾವಿರ್ ಮತ್ತು ರಿಟೊನಾವಿರ್ ಎಂಬ ಎಚ್‌ಐವಿ ಔಷಧಿಗಳು ಸೇರಿದ ಸಿರಪ್ ಅನ್ನು ನೀವು ಬಲ್ಲಿರಿ. ಅದರಲ್ಲಿ ಶೇ 42ರಷ್ಟು ಆಲ್ಕೋಹಾಲ್ ಇತ್ತು. ಎರಡು ವರ್ಷದ ಮೊಮ್ಮಗಳಿಗೆ ಅದನ್ನು ಕುಡಿಸುತ್ತಿದ್ದ ಅಜ್ಜಿಯೊಬ್ಬಳು ಬಾಟಲಿಯ ಮುಚ್ಚಳ ಮೂಸಿ, "ಅಕ್ಕಾವರೇ, ಇದು ಸಾರಾಯಿ ವಾಸನೆ ಹೊಡೆಯುತ್ತದೆ, ಮಗುವಿಗೆ ಕುಡಿಸಲಾ?" ಎಂದು ಕೇಳಿದ್ದಳು. ಮೊದಲು ಬೆಲ್ಲ ನೆಕ್ಕಿಸುವುದು, ಮೂಗು ಹಿಡಿಯುವುದು, ಚಮಚವನ್ನು ಕೆನ್ನೆಯ ಒಳಗೆ ಸರಿಸಿ ಸುರಿಯುವುದು. ಮಗು ಕಾರಿಕೊಂಡರೆ ಮತ್ತೆ ಕುಡಿಸಬೇಕೋ ಬೇಡವೋ ಎಂಬ ಗೊಂದಲ. ಬಿಸಿಲಿಗೆ ಕೆಡಬಾರದೆಂದು ಬಾಟಲಿಯನ್ನು ಒದ್ದೆ ಮರಳಿನಲ್ಲಿ ಹೂತ ಮಡಕೆಯೊಳಗೆ ಇಡುತ್ತಿದ್ದಳು. ಇಷ್ಟೆಲ್ಲ ಪಾಡುಪಟ್ಟು ಕೊಡುತ್ತಿದ್ದ ಆ ಸಿರಪ್ ಕೂಡ 2017ರಲ್ಲಿ ದೇಶದಲ್ಲಿ ಸಿಗದಂತಾಯಿತು. ಆಗ ಎಚ್‌ಐವಿ ಇರುವ ನೂರಾರು ಮಕ್ಕಳು ಸೇರಿ ಪ್ರಧಾನಿಯವರಿಗೆ ಪತ್ರ ಬರೆದರು. ಔಷಧಿಗಾಗಿ ಮಕ್ಕಳೇ ಅರ್ಜಿ ಬರೆಯಬೇಕಾಗಿ ಬಂದ ಆ ವಾರ ನನಗೆ ನಿದ್ದೆ ಬರಲಿಲ್ಲ.

ನಂತರ ಒಳ್ಳೆಯ ಕಾಲ ಬಂತು ಎಂಬುದನ್ನೂ ಹೇಳಬೇಕು. ನೀರಿನಲ್ಲಿ ಕರಗುವ, ಸ್ಟ್ರಾಬೆರಿ ರುಚಿಯ ಡೊಲುಟೆಗ್ರಾವಿರ್ 10 ಮಿಲಿಗ್ರಾಂ ಮಾತ್ರೆ ಬಂತು. ಅದನ್ನು ಒಂದು ಮಗುವಿಗೆ ವರ್ಷಕ್ಕೆ 40 ಡಾಲರ್‌ಗಿಂತ ಕಡಿಮೆ ವೆಚ್ಚದಲ್ಲಿ ಕೊಡುವ ಒಪ್ಪಂದ 2020ರ ಕೊನೆಗೆ ಆಯಿತು. ತಯಾರಿಸಿದ ಕಂಪನಿಗಳಲ್ಲಿ ನಮ್ಮ ಮುಂಬೈನ ಮ್ಯಾಕ್ಲಿಯಾಡ್ಸ್ ಕೂಡ ಇತ್ತು. ಮಕ್ಕಳು ಔಷಧಿಯನ್ನು ಕೇಳಿ ಕುಡಿಯುವುದನ್ನು ನಾನು ಮೊದಲ ಬಾರಿ ಕಂಡದ್ದು ಆಗ.

ಆದರೆ ಮಾನ್ಯರೇ, ಅದೇ ಡೊಲುಟೆಗ್ರಾವಿರ್‌ಗೆ ಅಮೆರಿಕದಲ್ಲಿ ವಯಸ್ಕರಿಗೆ ಮತ್ತು ಹನ್ನೆರಡು ತುಂಬಿದ, 40 ಕಿಲೋ ತೂಗುವ ಮಕ್ಕಳಿಗೆ ಅನುಮತಿ ಸಿಕ್ಕಿದ್ದು 2013ರ ಆಗಸ್ಟ್‌ನಲ್ಲಿ. ನಾಲ್ಕು ವಾರ ತುಂಬಿದ, ಮೂರು ಕಿಲೋ ತೂಕದ ಶಿಶುವಿಗೂ ಕೊಡಬಹುದೆಂದು ಅನುಮತಿ ದೊರೆತದ್ದು 2020ರ ಜೂನ್‌ನಲ್ಲಿ. ನಡುವೆ ಸುಮಾರು ಏಳು ವರ್ಷ. 2013ರಲ್ಲಿ ಸೋಂಕಿನೊಂದಿಗೆ ಹುಟ್ಟಿದ ಮಗು, ಬದುಕಿ ಉಳಿದಿದ್ದರೆ, ಆ ಹೊತ್ತಿಗೆ ಶಾಲೆಯ ಚೀಲ ಹೊರುತ್ತಿತ್ತು. ಬದುಕಿ ಉಳಿದಿದ್ದರೆ ಎಂದು ಸುಮ್ಮನೆ ಹೇಳುತ್ತಿಲ್ಲ. ಚಿಕಿತ್ಸೆ ಸಿಗದ ಸೋಂಕಿತ ಶಿಶುಗಳಲ್ಲಿ ಸುಮಾರು ಅರ್ಧದಷ್ಟು ಎರಡು ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತವೆ. ವಿಶ್ವಸಂಸ್ಥೆಯ ಏಡ್ಸ್ ಕಾರ್ಯಕ್ರಮದ 2023ರ ಲೆಕ್ಕದಂತೆ ಜಗತ್ತಿನಲ್ಲಿ ಹದಿನಾಲ್ಕು ವರ್ಷದೊಳಗಿನ ಸುಮಾರು 14 ಲಕ್ಷ ಮಕ್ಕಳಿಗೆ ಎಚ್‌ಐವಿ ಇದೆ. ವಯಸ್ಕರಲ್ಲಿ ಶೇ 77ರಷ್ಟು ಮಂದಿಗೆ ಚಿಕಿತ್ಸೆ ಸಿಗುತ್ತಿದ್ದರೆ ಮಕ್ಕಳಲ್ಲಿ ಶೇ 57ರಷ್ಟು ಮಾತ್ರ. ಸೋಂಕಿತರಲ್ಲಿ ಮಕ್ಕಳು ಶೇ 3, ಏಡ್ಸ್‌ನಿಂದ ಸತ್ತವರಲ್ಲಿ ಶೇ 12. ಈ ಎರಡು ಅಂಕಿಗಳ ನಡುವಿನ ಅಂತರವೇ ನನ್ನ ದೂರು. ಯಾವುದೋ ಒಂದು ಕಚೇರಿಯ ಮೇಲಿನ ದೂರಲ್ಲ ಇದು. ದೊಡ್ಡವರಿಗೆ ಮೊದಲು, ಮಕ್ಕಳಿಗೆ ಆಮೇಲೆ ಎಂದು ಸಾಲು ನಿಲ್ಲಿಸುವ ಔಷಧ ಜಗತ್ತಿನ ಹಳೆಯ ಅಭ್ಯಾಸದ ಮೇಲಿನದು.

ಈಗ ಅದೇ ಸಾಲು ಮತ್ತೆ ನಿಲ್ಲುತ್ತಿದೆ. ಪ್ರತಿದಿನದ ಮಾತ್ರೆಯ ಬದಲು ಎರಡು ತಿಂಗಳಿಗೊಮ್ಮೆ ಚುಚ್ಚಿಸಿಕೊಳ್ಳುವ ಕ್ಯಾಬೊಟೆಗ್ರಾವಿರ್ ಮತ್ತು ರಿಲ್ಪಿವಿರಿನ್ ಬಂದಿವೆ. 2025ರ ಜುಲೈನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರು ಮತ್ತು ಹದಿಹರೆಯದವರ ಚಿಕಿತ್ಸೆಗೆ ಅದನ್ನು ಒಂದು ಆಯ್ಕೆಯಾಗಿ ಶಿಫಾರಸು ಮಾಡಿತು. ಸೋಂಕು ತಡೆಯಲು ಆರು ತಿಂಗಳಿಗೊಮ್ಮೆ ಕೊಡುವ ಲೆನಕಾಪವಿರ್ ಬಂದಿದೆ. ನನಗೆ ಬಹಳ ಸಂತೋಷ. ಆದರೆ ಕ್ಯಾಬೊಟೆಗ್ರಾವಿರ್, ರಿಲ್ಪಿವಿರಿನ್ ಜೋಡಿಗೆ ಅಮೆರಿಕದಲ್ಲಿ 2022ರಲ್ಲಿ ಹಾಕಿದ ಗಡಿ ಹನ್ನೆರಡು ವರ್ಷ ವಯಸ್ಸು, 35 ಕಿಲೋ ತೂಕ. ನಮ್ಮ ಕೇಂದ್ರದ ಹದಿನಾಲ್ಕರ ಹುಡುಗಿಯರಲ್ಲಿ ಎಷ್ಟೋ ಮಂದಿ 35 ಕಿಲೋ ತೂಗುತ್ತಿರಲಿಲ್ಲ. ಎರಡು ತಿಂಗಳ ಪ್ರಮಾಣವೆಂದರೆ ತಲಾ 3 ಮಿಲಿಲೀಟರ್‌ನ ಎರಡು ಚುಚ್ಚುಮದ್ದುಗಳು, ಅದೂ ಪೃಷ್ಠದ ಸ್ನಾಯುವಿನ ಆಳಕ್ಕೆ. ಮೂಳೆಗೆ ಚರ್ಮ ಅಂಟಿದಂತಿರುವ ಮಗುವಿಗೆ ಅದನ್ನು ಎಲ್ಲಿ ಚುಚ್ಚುವುದು? ರಿಲ್ಪಿವಿರಿನ್ ಚುಚ್ಚುಮದ್ದನ್ನು 2ರಿಂದ 8 ಡಿಗ್ರಿಯ ತಂಪಿನಲ್ಲೇ ಇಡಬೇಕು. ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ವಿದ್ಯುತ್ ಯಾವಾಗ ಹೋಗುತ್ತದೆಂದು ಹೇಳಲಾಗದು.

ಪ್ಯಾಚ್ ವಿಷಯಕ್ಕೆ ಬರುತ್ತೇನೆ. ನಿಮಗೆ ಗೊತ್ತಿರುವುದನ್ನೇ ಹೇಳುತ್ತಿದ್ದೇನೆ, ಆದರೆ ಇದನ್ನು ಓದುವ ತಾಯಂದಿರಿಗಾಗಿ ಹೇಳಲೇಬೇಕು. ನಾಣ್ಯಕ್ಕಿಂತ ಸ್ವಲ್ಪ ದೊಡ್ಡದೊಂದು ಪಟ್ಟಿಯ ಮೇಲೆ, ಒಂದು ಮಿಲಿಮೀಟರ್‌ಗಿಂತ ಗಿಡ್ಡನೆಯ ನೂರಾರು ಮೊನೆಗಳಿರುತ್ತವೆ. ನುಣ್ಣಗೆ ಅರೆದ ಔಷಧಿಯ ಕಣಗಳನ್ನು ನೀರಿನಲ್ಲಿ ಕರಗುವ ಪಾಲಿಮರ್ ಜೊತೆ ಕಲಸಿ, ಅಚ್ಚಿಗೆ ಹೊಯ್ದು ಒಣಗಿಸಿದರೆ ಆ ಮೊನೆಗಳಾಗುತ್ತವೆ. ತೋಳಿನ ಮೇಲಿಟ್ಟು ಹೆಬ್ಬೆರಳಿನಿಂದ ಒತ್ತಿದಾಗ ಅವು ಚರ್ಮದ ಮೇಲಿನ ಸತ್ತ ಪದರವನ್ನು ದಾಟಿ ಸ್ವಲ್ಪವೇ ಒಳಗೆ ನಿಲ್ಲುತ್ತವೆ, ನೋವಿನ ನರಗಳನ್ನು ಹೆಚ್ಚು ತಾಕುವುದಿಲ್ಲ. ಮೊನೆ ಚರ್ಮದೊಳಗೇ ಕರಗುತ್ತದೆ, ಔಷಧಿ ಅಲ್ಲೇ ಉಳಿದು ನಿಧಾನವಾಗಿ ರಕ್ತಕ್ಕೆ ಇಳಿಯುತ್ತದೆ, ಮೇಲಿನ ಪಟ್ಟಿಯನ್ನು ಕಿತ್ತು ಎಸೆಯಬಹುದು. ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್‌ನ ಕ್ವೀನ್ಸ್ ವಿಶ್ವವಿದ್ಯಾಲಯದಲ್ಲಿ ರಯಾನ್ ಡೊನೆಲ್ಲಿ ಅವರ ತಂಡ ಇದೇ ಕ್ಯಾಬೊಟೆಗ್ರಾವಿರ್ ಮತ್ತು ರಿಲ್ಪಿವಿರಿನ್‌ಗಳನ್ನು ಇಂತಹ ಪಟ್ಟಿಯಲ್ಲಿ ತುಂಬಿ, ಇಲಿಗಳ ರಕ್ತದಲ್ಲಿ ಔಷಧಿ ವಾರಗಟ್ಟಲೆ ಉಳಿಯುವುದನ್ನು ತೋರಿಸಿದೆ.

ಇದಕ್ಕಿರುವ ದೊಡ್ಡ ತೊಡಕು ಔಷಧಿಯ ಪ್ರಮಾಣ. ಲಸಿಕೆಯಾದರೆ ಕಣದಷ್ಟು ಸಾಕು. ವಯಸ್ಕರಿಗೆ ಎರಡು ತಿಂಗಳಿಗೆ 600 ಮಿಲಿಗ್ರಾಂ ಕ್ಯಾಬೊಟೆಗ್ರಾವಿರ್ ಬೇಕು, ಜೊತೆಗೆ 900 ಮಿಲಿಗ್ರಾಂ ರಿಲ್ಪಿವಿರಿನ್. ಅಷ್ಟನ್ನು ಚರ್ಮದ ಮೂಲಕ ಒಳಗಿಳಿಸಲು ಬೆನ್ನಗಲದ ಪಟ್ಟಿಯೇ ಬೇಕಾದೀತು. ನನ್ನ ವಾದ ನಿಂತಿರುವುದು ಇಲ್ಲೇ. ಹತ್ತು ಕಿಲೋ ತೂಗುವ ಮಗುವಿಗೆ ಬೇಕಾದ ಔಷಧಿ ಅದರ ಒಂದು ಸಣ್ಣ ಪಾಲು. ಎರಡು ತಿಂಗಳ ಬದಲು ವಾರಕ್ಕೊಮ್ಮೆ ಅಂಟಿಸುವ ಪಟ್ಟಿಯಾದರೆ ಪ್ರಮಾಣ ಇನ್ನಷ್ಟು ಇಳಿಯುತ್ತದೆ. ಚಿಕ್ಕ ಮಕ್ಕಳ ದೇಹ ಔಷಧಿಯನ್ನು ಬೇಗ ಹೊರಹಾಕುತ್ತದೆ ಎಂಬ ಲೆಕ್ಕವನ್ನು ಸೇರಿಸಿದರೂ ಈ ಮಾತು ಉಳಿಯುತ್ತದೆ. ವಯಸ್ಕರಿಗೆ ಕಷ್ಟವಾದ ಈ ದಾರಿ ಮಕ್ಕಳಿಗೇ ಹೆಚ್ಚು ಒಪ್ಪುವಂಥದ್ದು. ಮಕ್ಕಳಿಂದಲೇ ಶುರುವಾಗಬೇಕಾದ ಔಷಧಿ ಒಂದಿದ್ದರೆ ಅದು ಇದು. ಇದನ್ನೂ ದೊಡ್ಡವರಿಗೆ ಮುಗಿಸಿ ಆಮೇಲೆ ನೋಡೋಣ ಎಂದರೆ ನಾನು ಯಾವ ತಾಯಿಗೂ ಸಮಜಾಯಿಷಿ ಹೇಳಲಾರೆ.

ಮಕ್ಕಳ ಮೇಲೆ ಇಂತಹ ಪಟ್ಟಿಯನ್ನು ಪರೀಕ್ಷಿಸಲು ಆಗುವುದಿಲ್ಲ ಎಂಬ ಮಾತೂ ಈಗ ಉಳಿದಿಲ್ಲ. ಪಶ್ಚಿಮ ಆಫ್ರಿಕಾದ ಪುಟ್ಟ ದೇಶ ಗ್ಯಾಂಬಿಯಾದಲ್ಲಿ ದಡಾರ ಮತ್ತು ರುಬೆಲ್ಲಾ ಲಸಿಕೆಯ ಪಟ್ಟಿಯನ್ನು ಮೊದಲು 45 ವಯಸ್ಕರಲ್ಲಿ, ನಂತರ ಒಂದೂವರೆ ವರ್ಷದ ಆಸುಪಾಸಿನ 120 ಮಕ್ಕಳಲ್ಲಿ, ಬಳಿಕ ಒಂಬತ್ತು ಹತ್ತು ತಿಂಗಳ 120 ಶಿಶುಗಳಲ್ಲಿ ಒಂದೇ ಪ್ರಯೋಗದ ಹಂತಗಳಾಗಿ ಪರೀಕ್ಷಿಸಿದರು. ಫಲಿತಾಂಶ 2024ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಒಂದೇ ಪಟ್ಟಿಯಿಂದ ಶೇ 90ಕ್ಕೂ ಹೆಚ್ಚು ಶಿಶುಗಳಿಗೆ ದಡಾರದಿಂದ ರಕ್ಷಣೆ ಸಿಕ್ಕಿತು. ವಯಸ್ಕರಿಂದ ಶಿಶುವಿನವರೆಗೆ ಏಳು ವರ್ಷ ಹಿಡಿಯಬೇಕಾಗಿಲ್ಲ ಎಂಬುದನ್ನು ಆ ದೇಶದ ತಾಯಂದಿರು ತೋರಿಸಿಕೊಟ್ಟಿದ್ದಾರೆ.

ಅದೇ ಪ್ರಯೋಗದಲ್ಲಿ ಇನ್ನೊಂದು ಸಂಗತಿಯಿದೆ. ಪಟ್ಟಿ ಅಂಟಿಸಿದ ಜಾಗ ಬಹಳಷ್ಟು ಮಕ್ಕಳಲ್ಲಿ ಗಟ್ಟಿಯಾಯಿತು, ಚರ್ಮದ ಬಣ್ಣ ಸ್ವಲ್ಪ ಬದಲಾಯಿತು. ವೈದ್ಯರ ದೃಷ್ಟಿಯಲ್ಲಿ ಅದು ಅಪಾಯವಲ್ಲ. ಲಸಿಕೆಗೆ ಒಂದು ಸಲದ ಗುರುತು, ಚಿಂತೆಯಿಲ್ಲ. ಆದರೆ ವಾರಕ್ಕೊಮ್ಮೆ ಅಂಟಿಸಿದರೆ? ಮಗುವಿನ ತೋಳಿನ ಮೇಲೆ ಸಾಲು ಗುರುತುಗಳು ಉಳಿದರೆ, ಊರಿನವರು ಅದನ್ನು ಓದಲು ಕಲಿಯಲು ಆರು ತಿಂಗಳು ಸಾಕು. ಡಬ್ಬಿಯ ಕಾಗದವನ್ನು ಕೆರೆದು ತೆಗೆಯಬಹುದು, ಮೈಮೇಲಿನ ಗುರುತನ್ನು ಹೇಗೆ ತೆಗೆಯುವುದು? ದಯವಿಟ್ಟು ಈ ಪ್ರಶ್ನೆಯನ್ನು ಕೊನೆಗೆ ಕೇಳುವ ಪ್ರಶ್ನೆ ಮಾಡಬೇಡಿ. ನಮ್ಮ ಮೈಬಣ್ಣದ ಮಕ್ಕಳ ಮೇಲೆ ಎಂತಹ ಗುರುತು ಉಳಿಯುತ್ತದೆ, ಎಷ್ಟು ದಿನ ಉಳಿಯುತ್ತದೆ, ಬೆನ್ನಿಗೋ ಸೊಂಟಕ್ಕೋ ಅಂಟಿಸಿದರೆ ಹೇಗೆ ಎಂಬುದನ್ನು ಔಷಧಿಯಿಲ್ಲದ ಬರಿಯ ಪಟ್ಟಿಯಿಂದಲೇ ಮೊದಲು ತಿಳಿಯಬಹುದು. ಅದಕ್ಕೆ ಕೋಟಿಗಟ್ಟಲೆ ಹಣವೂ ಬೇಡ.

ಬೇರೆ ದೇಶದವರು ಮಾಡಿದ ಮೇಲೆ ತರಿಸಿಕೊಳ್ಳಬಹುದಲ್ಲ ಎನ್ನುವವರಿಗೆ ಮೂರು ಮಾತು ಹೇಳುತ್ತೇನೆ. ನಮ್ಮ ಮಕ್ಕಳಲ್ಲಿ ಕ್ಷಯ ಹೆಚ್ಚು. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್, ಕ್ಯಾಬೊಟೆಗ್ರಾವಿರ್, ರಿಲ್ಪಿವಿರಿನ್ ಎರಡರ ಮಟ್ಟವನ್ನೂ ರಕ್ತದಲ್ಲಿ ತೀರಾ ತಗ್ಗಿಸುತ್ತದೆ, ಹಾಗಾಗಿ ಅವನ್ನು ಜೊತೆಗೆ ಕೊಡುವಂತೆಯೇ ಇಲ್ಲ. ಮಾತ್ರೆಯಾದರೆ ನಿಲ್ಲಿಸಬಹುದು, ಚರ್ಮದೊಳಗೆ ಕರಗಿದ ಔಷಧಿಯನ್ನು ವಾಪಸ್ ತೆಗೆಯಲಾಗುವುದಿಲ್ಲ. ಎರಡನೆಯದು, ನಮ್ಮಲ್ಲಿ ಎಷ್ಟೋ ಮಕ್ಕಳು ಹುಟ್ಟಿದ ತಕ್ಷಣ ಅಥವಾ ಚಿಕಿತ್ಸೆಯ ಮೊದಲ ವರ್ಷಗಳಲ್ಲಿ ನೆವಿರಾಪಿನ್ ಎಂಬ ಹಳೆಯ ಎಚ್‌ಐವಿ ಔಷಧಿ ಪಡೆದವರು. ಅದಕ್ಕೆ ಬಗ್ಗದ ವೈರಸ್ ಅದೇ ಗುಂಪಿಗೆ ಸೇರಿದ ರಿಲ್ಪಿವಿರಿನ್‌ಗೂ ಬಗ್ಗದಿರಬಹುದು. ಇಲ್ಲಿಯ ಮಕ್ಕಳ ರಕ್ತ ನೋಡದೆ ಬೆಲ್‌ಫಾಸ್ಟ್‌ನಲ್ಲಿ ಕುಳಿತು ಇದನ್ನು ತೀರ್ಮಾನಿಸಲಾಗದು. ಮೂರನೆಯದು ಹಣ. ಎಚ್‌ಐವಿ ಪ್ಯಾಚ್‌ಗಳ ಕೆಲಸಕ್ಕೆ ನೆರವು ಕೊಡುತ್ತಿದ್ದವರಲ್ಲಿ ಅಮೆರಿಕದ ವಿದೇಶಿ ನೆರವಿನ ಸಂಸ್ಥೆ ಯುಎಸ್‌ಏಡ್ ಕೂಡ ಒಂದಾಗಿತ್ತು. 2025ರ ಜುಲೈ 1ರಂದು ಆ ಸಂಸ್ಥೆಯ ಬಾಗಿಲು ಮುಚ್ಚಿತು. ಪರರ ಹಣದಿಂದ ನಡೆಯುವ ಸಂಶೋಧನೆ ಪರರು ಬೇಡವೆಂದ ದಿನ ನಿಲ್ಲುತ್ತದೆ.

ಈ ಕೆಲಸಕ್ಕೆ ಬೇಕಾದವರು ನಿಮ್ಮಲ್ಲೇ ಇದ್ದಾರೆ. ಏಡ್ಸ್ ಸಂಶೋಧನೆ ನಡೆಸುವ ನಿಮ್ಮ ಸಂಸ್ಥೆ ಪುಣೆಯಲ್ಲಿದೆ. ಚೆನ್ನೈನ ಕ್ಷಯ ಸಂಶೋಧನಾ ಸಂಸ್ಥೆ ಎಚ್‌ಐವಿ ಇರುವ ಮಕ್ಕಳ ಜೊತೆ ವರ್ಷಗಟ್ಟಲೆ ಕೆಲಸ ಮಾಡಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸೂಕ್ಷ್ಮ ಸೂಜಿಗಳನ್ನು ರೂಪಿಸುವ ಕೆಲಸ ನಡೆದಿದೆ. ಜಗತ್ತಿನ ಎಚ್‌ಐವಿ ಮಾತ್ರೆಗಳ ಬಹುಪಾಲನ್ನು ನಮ್ಮ ಕಂಪನಿಗಳೇ ತಯಾರಿಸುತ್ತವೆ. ಈ ನಾಲ್ವರನ್ನು ಒಂದು ಮೇಜಿನ ಸುತ್ತ ಕೂರಿಸುವ ಅಧಿಕಾರ ನಿಮ್ಮ ಹುದ್ದೆಗಿದೆ. ಕೂರಿಸಿ ಎಂಬುದೇ ನನ್ನ ಮೊದಲ ಮನವಿ. ಮಕ್ಕಳ ಎಚ್‌ಐವಿ ಪ್ಯಾಚ್ ಎಂದೇ ಹೆಸರಿಟ್ಟು, ಅದಕ್ಕೆಂದೇ ಹಣ ಮೀಸಲಿಟ್ಟು, ಗಡುವು ಹಾಕಿ ಒಂದು ಯೋಜನೆ ಆರಂಭಿಸಿ. ವಯಸ್ಕರಲ್ಲಿ ಸುರಕ್ಷಿತವೆಂದು ಗೊತ್ತಾದ ಕೂಡಲೇ ಮಕ್ಕಳ ಹಂತ ತಾನಾಗಿ ಶುರುವಾಗುವಂತೆ ಮೊದಲ ದಿನವೇ ಬರೆದಿಡಿ.

ಬೆಲೆಯ ಮಾತನ್ನೂ ಆಗಲೇ ಮುಗಿಸಿಕೊಳ್ಳಿ. ಲೆನಕಾಪವಿರ್‌ಗೆ ಅಮೆರಿಕದಲ್ಲಿ ವರ್ಷಕ್ಕೆ 28 ಸಾವಿರ ಡಾಲರ್‌ಗೂ ಹೆಚ್ಚು ಬೆಲೆಯಿದೆ. ಅದನ್ನೇ 2027ರಿಂದ ವರ್ಷಕ್ಕೆ ಸುಮಾರು 40 ಡಾಲರ್‌ಗೆ ತಯಾರಿಸಿಕೊಡಲು ಹೈದರಾಬಾದಿನ ಡಾಕ್ಟರ್ ರೆಡ್ಡೀಸ್ ಮತ್ತು ಹೆಟೆರೊ ಕಂಪನಿಗಳು ಒಪ್ಪಿವೆ. ಮಕ್ಕಳ ಪ್ಯಾಚ್‌ಗೂ ಇಂತಹ ಕರಾರು ಸಂಶೋಧನೆ ನಡೆಯುವಾಗಲೇ ಆಗಬೇಕು. ಈ ಕಾಯಿಲೆಯ ಮಕ್ಕಳು ಕಡಿಮೆಯಾಗುತ್ತಿದ್ದಾರೆ, ತಾಯಿಯಿಂದ ಮಗುವಿಗೆ ಹರಡುವುದನ್ನು ತಡೆಯುವ ಕೆಲಸ ಫಲ ಕೊಟ್ಟಿದೆ, ಅದಕ್ಕೆ ನಾನೂ ಕೈಜೋಡಿಸಿದ್ದೇನೆ. ಆದರೆ ಮಕ್ಕಳು ಕಡಿಮೆಯಾದಷ್ಟೂ ಕಂಪನಿಗೆ ಲಾಭ ಕಡಿಮೆ, ಲಾಭವಿಲ್ಲದ ಕಡೆ ಯಾರೂ ತಾನಾಗಿ ಬರುವುದಿಲ್ಲ. ಆದ್ದರಿಂದಲೇ ಸರ್ಕಾರದ ಸಂಶೋಧನಾ ಮಂಡಳಿಯ ಬಾಗಿಲಿಗೆ ಬಂದಿದ್ದೇನೆ.

ಪ್ರಯೋಗಕ್ಕೆ ಮಕ್ಕಳನ್ನು ಸೇರಿಸುವಾಗ ಒಪ್ಪಿಗೆ ಯಾರಿಂದ ಪಡೆಯುತ್ತೀರಿ ಎಂಬುದನ್ನೂ ಎಚ್ಚರದಿಂದ ನೋಡಿ. ನಮ್ಮ ಮಕ್ಕಳಲ್ಲಿ ಎಷ್ಟೋ ಮಂದಿಗೆ ತಂದೆ ತಾಯಿಯಿಲ್ಲ. ಹೆಬ್ಬೆಟ್ಟು ಒತ್ತುವ ಅಜ್ಜಿಗೆ ಒಪ್ಪಿಗೆ ಪತ್ರದ ಹತ್ತು ಪುಟಗಳನ್ನು ಅವಳ ಭಾಷೆಯಲ್ಲಿ, ಅವಸರವಿಲ್ಲದೆ ಓದಿ ಹೇಳಬೇಕು. ಮನೆ ನಡೆಸುವಷ್ಟು ತಿಳಿವಳಿಕೆಯಿರುವ, ಹನ್ನೆರಡು ದಾಟಿದ ಅಕ್ಕ ಅಣ್ಣಂದಿರನ್ನು ಚಿಕಿತ್ಸೆಯಂತಹ ವಿಷಯಗಳಲ್ಲಿ ಪಾಲಕರೆಂದು 2017ರ ಕಾಯ್ದೆ ಒಪ್ಪುತ್ತದೆ. ಅಂತಹ ಮನೆಗಳ ಮಕ್ಕಳು ಸಂಶೋಧನೆಯಿಂದ ಹೊರಗುಳಿಯದಂತೆಯೂ, ಹಾಗೆಂದು ಯಾರ ರಕ್ಷಣೆಯೂ ಇಲ್ಲದೆ ಒಳಗೆ ಸೇರದಂತೆಯೂ ನಿಮ್ಮ ನೈತಿಕ ಸಮಿತಿ ದಾರಿ ಹುಡುಕಬೇಕು. ಮಗುವಿನ ಮಾತನ್ನೂ ಕೇಳಿ. ಒಂಬತ್ತು ವರ್ಷದ ಒಬ್ಬ ಹುಡುಗಿ ನನ್ನ ಮೇಜಿನ ಮೇಲಿದ್ದ ಕ್ಯಾಲ್ಕುಲೇಟರ್ ತೆಗೆದುಕೊಂಡು, ತಾನು ಅರವತ್ತು ವರ್ಷ ಬದುಕಿದರೆ ಇನ್ನೆಷ್ಟು ದಿನ ಮಾತ್ರೆ ನುಂಗಬೇಕೆಂದು ಲೆಕ್ಕ ಹಾಕಿದ್ದಳು. 18 ಸಾವಿರದ ಮೇಲೆ ಬಂತು. ತಪ್ಪು ಒತ್ತಿದೆನೇನೋ ಎಂದು ಅಳಿಸಿ ಮತ್ತೆ ಹಾಕಿದಳು.

ಬೇವಿನ ಮರದ ಹುಡುಗನಿಗೆ, ಮೊದಲಿನ ಔಷಧಿ ಫಲಿಸದಾಗ ಕೊಡುವ ಎರಡನೆಯ ಹಂತದ ಔಷಧಿ ಶುರುವಾಯಿತು. ಈಗ ಬೇರೆ ಊರಿನಲ್ಲಿದ್ದಾನೆ, ಕೆಲಸ ಮಾಡುತ್ತಾನೆ, ಆರೋಗ್ಯವಾಗಿದ್ದಾನೆ. ಅವನನ್ನು ಕೇಳಿಯೇ ಇದನ್ನು ಬರೆದಿದ್ದೇನೆ. ಹೆಸರು ಬೇಡ, ಬೇಕಾದರೆ ಮರದ ವಿಷಯ ಬರೆಯಿರಿ ಎಂದ.

ನಿಮ್ಮ ಉತ್ತರವನ್ನು ಎದುರು ನೋಡುತ್ತೇನೆ. ಯೋಜನೆ ಆಗುವುದಿಲ್ಲ ಎಂಬ ಉತ್ತರವಾದರೂ ಸರಿ, ಏಕೆ ಆಗುವುದಿಲ್ಲ ಎಂಬುದನ್ನು ಬರೆದು ಕಳಿಸಿ. ಸಾಧ್ಯವಾದರೆ ಕನ್ನಡದಲ್ಲಿ. ತಿಂಗಳ ಎರಡನೆಯ ಶುಕ್ರವಾರ ಕೇಂದ್ರಕ್ಕೆ ಮಕ್ಕಳು ಬರುತ್ತಾರೆ. ನಾನು ನಿವೃತ್ತಳಾದರೂ ಆ ದಿನ ಹೋಗಿ ಹೊರಗಿನ ಬೆಂಚಿನ ಮೇಲೆ ಅವರೊಡನೆ ಕೂರುತ್ತೇನೆ. ಅಲ್ಲಿ ಓದಿ ಹೇಳುತ್ತೇನೆ.

ಗೌರವಪೂರ್ವಕವಾಗಿ,

ಎಆರ್‌ಟಿ ಕೇಂದ್ರದ ನಿವೃತ್ತ ಆಪ್ತಸಮಾಲೋಚಕಿ

ಪ್ರತಿ: ಮಹಾನಿರ್ದೇಶಕರು, ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ, ನವದೆಹಲಿ